ಮೀಸಲು ಮರದ ಎಳನೀರು

ಮಗು ಯಾಕೆ ವಾಂತಿ ಮಾಡುತ್ತದೆ ಎಂಬುದು ಗಿರಿಜಾಂಬಿಕಾಳನ್ನು ಬಿಟ್ಟು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಅತ್ತೆ ಶಿವರುದ್ರಮ್ಮನ ಪ್ರಕಾರ ಅದು ದೃಷ್ಟಿ. ಮೊಮ್ಮಗಳು ಸುವರ್ಣ ಕೆಂಪಗೆ ದುಂಡಗೆ ಇದ್ದಾಳೆ, ಸೇದೋ ಬಾವಿ ಕಟ್ಟೆಯ ಮೇಲೆ ತಂದು ಕೂರಿಸಿಕೊಂಡರೆ ಕಂಡವರ ಕಣ್ಣು ಬೀಳದೆ ಇರುತ್ತದೆಯೆ. ಮಾವ ಏಕಾಂತಯ್ಯನವರು ಹೇಳುವಂತೆ ಅದು ಹಾಲಿನ ದೋಷ. ಮಗುವಿಗೆ ಎರಡು ವರ್ಷ ತುಂಬಿದರೂ ಸೊಸೆ ಎದೆಹಾಲು ಬಿಡಿಸಿಲ್ಲ, ಅದೂ ಹುಳಿಯಾರು ಕಡೆಯ ಒಣನೆಲದಲ್ಲಿ ಬೆಳೆದವಳ ಹಾಲು. ಪಕ್ಕದ ಮನೆಯವರು ಹೊಟ್ಟೆಹುಳ ಎಂದರು. ಮಠದ ಮರುಳಸಿದ್ದಯ್ಯನವರು ಬಾಲಗ್ರಹ ಎಂದು ತಾಯತ ಕಟ್ಟಿಕೊಟ್ಟರು. ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳು, ಬಸುರಿಯಲ್ಲಿ ನೀವೇನೋ ತಿನ್ನಬಾರದ್ದು ತಿಂದಿರಬೇಕು ಕಣ್ರವ್ವ ಎಂದು ಕನಿಕರದಿಂದಲೇ ಹೇಳಿದಳು.

ಗಿರಿಜಾಂಬಿಕಾ ಯಾವ ಮಾತನ್ನೂ ಸುಮ್ಮನೆ ತಳ್ಳಿಹಾಕುವವಳಲ್ಲ. ಹುಳ ಎಂದಾಗ ಹುಳದ ಔಷಧಿ ಕುಡಿಸಿದಳು. ದೃಷ್ಟಿ ಎಂದಾಗ ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಹಾಲು ಎಂದಾಗ ಅಳುತ್ತಲೇ ಎದೆಗೆ ಬೇವಿನ ರಸ ಹಚ್ಚಿಕೊಂಡು ಮಗುವಿಗೆ ಹಾಲು ಬಿಡಿಸಿದಳು. ಬಸುರಿಯಲ್ಲಿ ಏನೇನು ತಿಂದಿದ್ದೆ ಎಂದು ನೆನಪಿಸಿಕೊಳ್ಳುತ್ತ ಪಾತ್ರೆ ಬೆಳಗುವಾಗ ಕೈ ನಿಂತುಹೋಗುತ್ತಿತ್ತು. ಇಷ್ಟಾದರೂ ವಾಂತಿ ನಿಲ್ಲಲಿಲ್ಲ.

ಅದು ಬರುತ್ತಿದ್ದ ರೀತಿಯೇ ಬೇರೆ. ತಿಂಗಳು, ಒಂದೂವರೆ ತಿಂಗಳು ಸುವರ್ಣ ಅಂಗಳದ ತುಂಬ ಕೋಳಿಮರಿಯ ಹಾಗೆ ಓಡಾಡಿಕೊಂಡಿರುತ್ತಿದ್ದಳು. ಒಂದು ಬೆಳಿಗ್ಗೆ ಏಳುವಾಗಲೇ ಮುಖ ಬಿಳಿಚಿಕೊಂಡಿರುತ್ತಿತ್ತು. ಹಾಸಿಗೆಯಲ್ಲೇ ಮೊದಲ ವಾಂತಿ. ಆಮೇಲೆ ಹೊಟ್ಟೆಯಲ್ಲಿ ಇದ್ದದ್ದು ಮುಗಿದರೂ ಬಿಡದು. ಹಳದಿ ನೀರು, ಕೊನೆಗೆ ಬರಿಯ ನೊರೆ. ಜ್ವರವಿಲ್ಲ, ಭೇದಿಯಿಲ್ಲ. ಹಗಲೆಲ್ಲ ಹೀಗೇ ಹೋಗಿ, ಮಾರನೆಯ ದಿನ ಯಾರೋ ದೀಪ ಹಚ್ಚಿದ ಹಾಗೆ ಎದ್ದು ಕೂತು, ‘ಅಮ್ಮ, ಲೊಟ್ಟಿ’ ಎಂದು ರೊಟ್ಟಿ ಕೇಳುತ್ತಿದ್ದಳು. ಪ್ರತಿ ಸಲವೂ ಮೈ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಕಾಲಿನ ಬೆಳ್ಳಿ ಕಡಗ ಮೊದಲು ಬಿಗಿಯಾಗಿದ್ದದ್ದು ಈಗ ಹಿಮ್ಮಡಿ ದಾಟಿ ಜಾರಿ ಬೀಳುತ್ತಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಗಿರಿಜಾಂಬಿಕಾ ಗಂಡ ಹಾಲಸ್ವಾಮಿಯ ಹಿಂದೆ ಬಿದ್ದು ಮಗುವನ್ನು ತಿಪಟೂರಿಗೆ ಕರೆದುಕೊಂಡು ಹೋದಳು. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಶ್ರೀರಂಗಯ್ಯ ಡಾಕ್ಟರ ಷಾಪು. ಅವರು ಮೈಸೂರು ಕಡೆಯವರು, ವಯಸ್ಸಾದವರು. ಮಗುವಿನ ಹೊಟ್ಟೆ ಒತ್ತಿ ನೋಡಿದರು, ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು, ಗೋಡೆಯಿಂದ ಗೋಡೆಗೆ ನಡೆಸಿ ನೋಡಿದರು. ರಕ್ತ, ಮೂತ್ರ, ಎಲ್ಲ ಪರೀಕ್ಷೆ ಮಾಡಿಸಿ, ತುಮಕೂರಿಗೆ ಕಳಿಸಿ ಎಕ್ಸ್‌ರೇ ತೆಗೆಸಿದರು. ರಿಪೋರ್ಟು ಎಲ್ಲ ಬಂದ ದಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಲ್ಲ ಸರಿಯಾಗಿದೆ.”

“ಮತ್ತೆ ಯಾಕೆ ಬರುತ್ತೆ ಸಾರ್?”

“ಗೊತ್ತಿಲ್ಲ ಕಣಮ್ಮ.”

ಗಿರಿಜಾಂಬಿಕಾ ಗಂಡನ ಮುಖ ನೋಡಿದಳು. ಅವನು ಕ್ಯಾಲೆಂಡರ್ ನೋಡುತ್ತಿದ್ದ.

“ಕೆಲವು ಮಕ್ಕಳಿಗೆ ಹೀಗೆ ಆಗಾಗ ಬರುತ್ತೆ. ದೊಡ್ಡೋರಾಗ್ತಾ ಹೆಚ್ಚಿನೋರಿಗೆ ಹೋಗುತ್ತೆ. ಕಾರಣ ಹೇಳು ಅಂದ್ರೆ ನಾನು ಸುಳ್ಳು ಹೇಳ್ಬೇಕಾಗುತ್ತೆ.”

“ನನ್ನ ಹಾಲಿಂದ ಏನಾದ್ರೂ…”

“ಹಾಲಿಂದಾಗಿದ್ರೆ ಬಿಡಿಸಿದ ಮೇಲೆ ನಿಲ್ಬೇಕಿತ್ತಲ್ಲ. ನೀನು ಮಾಡಿದ್ದು ಏನೂ ಅಲ್ಲ, ತಿಳೀತಾ? ಈಗ ನಾನು ಹೇಳೋದು ಸರಿಯಾಗಿ ಕೇಳು. ವಾಂತಿ ಅಂತ ಹೆದರ್ಬೇಡ. ಮಗು ಒಣಗೋದಕ್ಕೆ ಹೆದರ್ಕೊ. ನಾಲಗೆ ಒಣಗಿದೆಯಾ, ಅತ್ರೆ ಕಣ್ಣೀರು ಬರುತ್ತಾ, ಒಂದಾ ಮಾಡ್ತಾ, ಇಷ್ಟು ನೋಡ್ತಾ ಇರು. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸು. ಕಕ್ಕುತ್ತೆ. ಕಕ್ಕಲಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕುಡಿಸು. ಮಗು ಜೋತು ಬಿದ್ದು ಕಣ್ಣೇ ತೆಗೀಲಿಲ್ಲ ಅಂದ್ರೆ ಮಾತ್ರ ಒಂದು ಗಳಿಗೆ ನಿಲ್ಲಬೇಡ, ಆಸ್ಪತ್ರೆಗೆ ಬಾ, ಡ್ರಿಪ್ ಹಾಕ್ಬೇಕಾಗುತ್ತೆ.”

“ಏನು ಕುಡಿಸ್ಲಿ ಸಾರ್?”

“ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ ಉಪ್ಪು ಹಾಕಿ ಕೊಡು. ಎಷ್ಟೆಷ್ಟು ಅಂತ ಕಾಂಪೌಂಡರ್ ತೋರಿಸ್ತಾನೆ. ಅದು ಸೇರದಿದ್ರೆ ಎಳನೀರು ಕೊಡು. ನಿಮ್ಮ ಕಡೆ ಅದಕ್ಕೇನು ಬರ.”

ಬಸ್ಸಿನಲ್ಲಿ ಬರುವಾಗ ದಾರಿಯ ಎರಡೂ ಕಡೆ ತೆಂಗು. ಗಿರಿಜಾಂಬಿಕಾಳಿಗೆ ನಗು ಬಂತು. ಆ ಡಾಕ್ಟರಿಗೆ ಹೇಗೆ ಹೇಳುವುದು, ನಮ್ಮ ಮನೆಯಲ್ಲಿ ಎಳನೀರು ಕೆಡವುವುದಿಲ್ಲ ಎಂದು?

ಏಕಾಂತಯ್ಯನವರದು ಕೊಬ್ಬರಿ ಮನೆತನ. ಕಾಯಿ ಮರದಲ್ಲಿ ಪೂರ್ತಿ ಬಲಿಯಬೇಕು, ಅಟ್ಟ ಸೇರಬೇಕು, ಅಡಿಗೆಮನೆಯ ಹೊಗೆಯಲ್ಲಿ ವರ್ಷ ಕಳೆದು ಒಳಗಿನ ನೀರು ಇಂಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಕೊಬ್ಬರಿ ಒಳಗೆ ಗಡಗಡ ಎಂದು ಉರುಳಿದರೆ ಮಾತ್ರ ಅದು ಕಾಯಿ. ಎಳೆಗಾಯಿ ಕೀಳುವುದೆಂದರೆ ಅವರಿಗೆ ಮೈ ಉರಿಯುತ್ತಿತ್ತು. ಬೀಗರು ಬಂದಾಗಲೂ ಮಜ್ಜಿಗೆ ಕೊಡುತ್ತಿದ್ದರೇ ಹೊರತು ಎಳನೀರು ಕೊಟ್ಟವರಲ್ಲ.

“ಬಸುರಿ ಹೊಟ್ಟೆಗೆ ಕೈ ಹಾಕ್ದಂಗೆ ಕಣಮ್ಮ ಅದು,” ಎಂದರು, ಅವಳು ಡಾಕ್ಟರ ಮಾತು ಹೇಳಿದಾಗ. “ಅಲ್ದೆ ಮಗೂಗೆ ಶೀತ. ಬೇಕಾದ್ರೆ ಗ್ಲೂಕೋಸ್ ಡಬ್ಬ ತರುಸ್ತೀನಿ. ಮತ್ತೆ ಕಾಯ್ಲೆ ಏನಂತೆ?”

“ಗೊತ್ತಿಲ್ವಂತೆ ಮಾವ.”

“ಗೊತ್ತಿಲ್ಲ ಅಂತ ಹೇಳೋಕೆ ತಿಪಟೂರಿಗೆ ಯಾಕೆ ಹೋಗ್ಬೇಕಿತ್ತು? ಕೊಟ್ಟಿಗೇಲಿ ಎತ್ತು ಕಟ್ಟೈತೆ, ಅದನ್ನೇ ಕೇಳಿದ್ರೆ ಹೇಳ್ತಿತ್ತು.”

ಜಗಲಿಯಲ್ಲಿ ಕೂತವರು ನಕ್ಕರು. ಹಾಲಸ್ವಾಮಿಯೂ ತುಟಿ ಅಗಲಿಸಿದ. ಗಿರಿಜಾಂಬಿಕಾ ಒಳಗೆ ಹೋದಳು. ಆದರೆ ಡಾಕ್ಟರ ಆ ಒಂದು ಮಾತು ಅವಳ ಜೊತೆಗೇ ಒಳಗೆ ಬಂತು. ಇಷ್ಟು ಜನರಲ್ಲಿ ಗೊತ್ತಿಲ್ಲ ಎಂದವರು ಅವರೊಬ್ಬರೇ. ಗೊತ್ತಿದ್ದವರೆಲ್ಲ ಕೊನೆಗೆ ಬೆರಳು ತಂದು ನಿಲ್ಲಿಸುತ್ತಿದ್ದದ್ದು ಅವಳ ಮುಂದೆ.

ಮುಂದಿನ ಸಲ ಅದು ಬಂದದ್ದು ಬೇಸಿಗೆ ಶುರುವಾದ ಮೇಲೆ, ಸಂತೆಯ ದಿನ. ಏಕಾಂತಯ್ಯನವರೂ ಹಾಲಸ್ವಾಮಿಯೂ ಗಾಡಿಗೆ ಕೊಬ್ಬರಿ ಮೂಟೆ ಹೇರಿಕೊಂಡು ನಸುಕಿಗೇ ತಿಪಟೂರಿಗೆ ಹೊರಟುಹೋಗಿದ್ದರು. ಬೆಳಿಗ್ಗೆಯ ಬಸ್ಸೂ ಹೋಗಿಯಾಗಿತ್ತು. ಇನ್ನೊಂದು ಬರುವುದು ಮಧ್ಯಾಹ್ನ ಇಳಿದ ಮೇಲೆ.

ಸುವರ್ಣ ಎದ್ದವಳೇ ಕಕ್ಕಿದಳು. ಗಿರಿಜಾಂಬಿಕಾ ಕಾಂಪೌಂಡರ್ ತೋರಿಸಿದ ಹಾಗೆ ಸಕ್ಕರೆ ಉಪ್ಪಿನ ನೀರು ಮಾಡಿಕೊಂಡು ಚಮಚ ಹಿಡಿದು ಕೂತಳು. ಮಗು ಒಂದು ಚಮಚ ಕುಡಿದು ಉಗಿಯಿತು. ಆಮೇಲೆ ಹಲ್ಲು ಕಚ್ಚಿಕೊಂಡು ಮುಖ ತಿರುಗಿಸಿತು. ಮಾವ ತರಿಸಿದ ಗ್ಲೂಕೋಸೂ ಅಷ್ಟೇ, ಬಾಯಿಗೆ ಹೋದದ್ದಕ್ಕಿಂತ ಕುತ್ತಿಗೆಗೆ ಸುರಿದದ್ದೇ ಹೆಚ್ಚು.

“ನೀರು ಕುಡಿಸ್ಬೇಡ ಅಂತ ಬಡ್ಕೊಂಡೆ,” ಎಂದಳು ಶಿವರುದ್ರಮ್ಮ. “ಒಳಗೆ ಇದ್ರೆ ತಾನೆ ಆಚೆಗೆ ಬರೋದು? ಹೊಟ್ಟೆ ಒಣಗ್ಲಿ, ತಾನೇ ನಿಂತ್ಕೊಂತದೆ.”

“ಒಣಗಬಾರದು ಅಂತ್ಲೇ ಅತ್ತೆ ಅವರು ಹೇಳಿದ್ದು.”

“ಅವರಿಗೆ ಗೊತ್ತಿಲ್ಲ ಅಂತ ಅವರೇ ಹೇಳವ್ರಲ್ಲೇ. ನಾನು ಹಟ್ಟಿಯಿಂದ ಭೂತಮ್ಮನ್ನ ಬರೋಕೆ ಹೇಳಿ ಕಳ್ಸಿದೀನಿ. ಹೊಕ್ಕುಳ ಸುತ್ತ ಬರೆ ಎಳೆದ್ರೆ ಇವತ್ತಿಗೇ ಕಡೆ.”

ಗಿರಿಜಾಂಬಿಕಾ ಮಗುವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು. ಹಟ್ಟಿಯ ಭೂತಮ್ಮ ಕಾದ ಕಡ್ಡಿಯಿಂದ ಎಳೆದ ಗುರುತು ಆ ಸುತ್ತಿನ ಎಷ್ಟೋ ಮಕ್ಕಳ ಹೊಟ್ಟೆಯ ಮೇಲಿತ್ತು. ಹಾಲಸ್ವಾಮಿಯ ಹೊಟ್ಟೆಯ ಮೇಲೂ ಇತ್ತು.

ಬಿಸಿಲು ಏರಿತು. ಮಗು ಅತ್ತಿತು. ಸದ್ದು ಬಂತು, ಕಣ್ಣೀರು ಬರಲಿಲ್ಲ. ಗಿರಿಜಾಂಬಿಕಾ ಬೆರಳಿನಿಂದ ಅದರ ತುಟಿ ಬಿಡಿಸಿ ನಾಲಗೆ ಮುಟ್ಟಿದಳು. ಒಲೆಯ ಪಕ್ಕ ಒಣಗಿಸಿದ ಬಟ್ಟೆಯ ಹಾಗಿತ್ತು. ಬೆಳಗಿನಿಂದ ಒಂದಾ ಮಾಡಿರಲಿಲ್ಲ. ಕರೆದರೆ ಕಣ್ಣು ತೆಗೆದು ನೋಡುತ್ತಿತ್ತು, ಅದೊಂದೇ ಧೈರ್ಯ. ಬಸ್ಸು ಬರುವ ಹೊತ್ತಿಗೆ ಅದೂ ಇರುತ್ತದೆಯೋ ಇಲ್ಲವೋ.

ಅಡಿಗೆಮನೆಯ ಹಿಂದಿನ ಬಾಗಿಲು ತೆರೆದಿತ್ತು. ಅದರಾಚೆ ಬಚ್ಚಲ ನೀರು ಕುಡಿದು ಬೆಳೆದ ಎಳೆಯ ತೆಂಗು. ತೋಟದ ಬೇರೆ ಮರಗಳೆಲ್ಲ ಆಕಾಶಕ್ಕೆ ಹೋಗಿದ್ದವು, ಹತ್ತುವವರಿಲ್ಲದೆ ಮುಟ್ಟುವ ಹಾಗಿಲ್ಲ. ಇದೊಂದು ಗಿಡ್ಡವಾಗಿತ್ತು. ಆ ವರ್ಷ ಮೊದಲ ಸಲ ಕಾಯಿ ಕಚ್ಚಿತ್ತು. ಮೊದಲ ಗೊನೆ ಮನೆದೇವರು ವೀರಭದ್ರಸ್ವಾಮಿಗೆ ಮೀಸಲು. ಏಕಾಂತಯ್ಯನವರೇ ಕಾಂಡಕ್ಕೆ ವಿಭೂತಿ ಹಚ್ಚಿ ಕೆಂಪು ಬಟ್ಟೆ ಕಟ್ಟಿದ್ದರು. ಬಲಿತ ಮೇಲೆ ಅವು ಕಾರ್ತೀಕದಲ್ಲಿ ದೇವಸ್ಥಾನಕ್ಕೆ ಹೋಗಬೇಕು. ಅಲ್ಲಿಯವರೆಗೆ ಅಳಿಲು ಮುಟ್ಟಿದರೂ ಮನೆಯವರು ಕಲ್ಲು ಬೀಸುತ್ತಿದ್ದರು.

ಗಿರಿಜಾಂಬಿಕಾ ಮಗುವನ್ನು ಅತ್ತೆಯ ಮಡಿಲಲ್ಲಿ ಹಾಕಿ, ಅಟ್ಟದ ತೊಲೆಗೆ ಸಿಕ್ಕಿಸಿದ್ದ ದೋಟಿ ಎಳೆದುಕೊಂಡಳು. ಕುಡುಗೋಲು ಕಟ್ಟಿದ ಆ ಬಿದಿರುಗಳ ಅವಳ ಎರಡರಷ್ಟು ಉದ್ದವಿತ್ತು.

“ಎಲ್ಲಿಗೇ ಅದು?”

ಅವಳು ಹಿಂದಿನ ಬಾಗಿಲು ದಾಟಿದಳು. ಮಾತಾಡಿದರೆ ನಿಂತುಬಿಡುತ್ತೇನೆ ಎಂದು ಅವಳಿಗೇ ಭಯವಿತ್ತು.

“ಲೇ ಗಿರಿಜಾ. ಅದು ಮೀಸಲು ಕಣೇ.”

ಕೆಂಪು ಬಟ್ಟೆಯ ಎದುರು ಬಂದು ನಿಂತಳು. ತಪ್ಪಾಗಿದ್ದರೆ? ಎಲ್ಲರಿಗೂ ಗೊತ್ತಿದ್ದು ತನಗೊಬ್ಬಳಿಗೆ ಗೊತ್ತಿಲ್ಲದೆ ಹೋಗಿದ್ದರೆ? ಹಾಗೆ ಅಂದುಕೊಳ್ಳುತ್ತಲೇ ದೋಟಿ ಎತ್ತಿ ಗೊನೆಗೆ ಸಿಕ್ಕಿಸಿ ಎಳೆದಳು. ಕುಡುಗೋಲು ಜಾರಿತು. ಇನ್ನೊಮ್ಮೆ ಎಳೆದಳು. ಒಂದು ಕಾಯಿ ಕಳಚಿ ಬಂದು ಬಚ್ಚಲ ಕಲ್ಲಿನ ಮೇಲೆ ಬಿದ್ದು ಬಿರಿಯಿತು. ನೀರೆಲ್ಲ ಮೋರಿಗೆ ಹರಿಯಿತು.

ಅವಳು ಅದನ್ನು ನೋಡುತ್ತ ನಿಂತಳು. ಒಳಗಿನಿಂದ ಮಗು ಮತ್ತೆ ಓಕರಿಸುವ ಸದ್ದು ಕೇಳಿಸಿತು. ಕೊಟ್ಟಿಗೆಗೆ ಓಡಿ ಎರಡು ತೆಕ್ಕೆ ಹುಲ್ಲು ತಂದು ಮರದ ಕೆಳಗೆ ಹರಡಿದಳು. ಈ ಸಲ ಎಳೆದ ರಭಸಕ್ಕೆ ಎರಡು ಕಾಯಿ ಒಟ್ಟಿಗೆ ಬಿದ್ದವು. ಹುಲ್ಲಿನ ಮೇಲೆ ಮೆತ್ತಗೆ ಕೂತವು.

ಮಚ್ಚಿನಿಂದ ಕೊಚ್ಚುವಾಗ ಹೆಬ್ಬೆರಳ ಸಿಪ್ಪೆ ಹೋಯಿತು. ಬೋಸಿಗೆ ನೀರು ಬಗ್ಗಿಸಿಕೊಂಡು ಮಗುವಿನ ಮುಂದೆ ಕೂತಳು. ಒಂದು ಚಮಚ. ಸುವರ್ಣ ನಾಲಗೆ ಆಡಿಸಿದಳು. ಇನ್ನೊಂದು. ಸ್ವಲ್ಪ ಹೊತ್ತಿಗೆ ಅದೆಲ್ಲ ಆಚೆಗೆ ಬಂತು.

“ನೋಡ್ದಾ,” ಎಂದಳು ಶಿವರುದ್ರಮ್ಮ. “ದೇವರೇ ಒಪ್ಪಲಿಲ್ಲ.”

“ಕಕ್ಕಲಿ,” ಎಂದಳು ಗಿರಿಜಾಂಬಿಕಾ. ಡಾಕ್ಟರ ಮಾತು ಅವಳ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಸೆರಗಿನಿಂದ ಮಗುವಿನ ಬಾಯಿ ಒರೆಸಿ, ಒಂದಿಷ್ಟು ಹೊತ್ತು ಬಿಟ್ಟು, ಮತ್ತೆ ಚಮಚ ಅದ್ದಿದಳು.

ಭೂತಮ್ಮ ಬಂದಾಗ ಆಟ ಹೀಗೇ ನಡೆದಿತ್ತು. ಎಲೆಅಡಿಕೆಯ ಚೀಲ, ಬಟ್ಟೆಯಲ್ಲಿ ಸುತ್ತಿದ ಕಡ್ಡಿ ಹಿಡಿದು ಹಿತ್ತಿಲ ಬಾಗಿಲಲ್ಲೇ ಕುಕ್ಕರಿಸಿದಳು. ಹುಲ್ಲು ನೋಡಿದಳು, ದೋಟಿ ನೋಡಿದಳು, ಕೆಂಪು ಬಟ್ಟೆ ಕಟ್ಟಿದ ಮರ ನೋಡಿದಳು.

“ಒಲೆ ಉರೀತೈತಾ ಅಮ್ಮಾರೆ?”

“ಉರೀತೈತೆ ಬಾ,” ಎಂದಳು ಶಿವರುದ್ರಮ್ಮ.

“ಬರೆ ಹಾಕೋದಾದ್ರೆ ಮೊದ್ಲು ನಂಗೆ ಹಾಕಜ್ಜಿ,” ಎಂದಳು ಗಿರಿಜಾಂಬಿಕಾ. ದನಿ ಎತ್ತರಿಸಲಿಲ್ಲ. ಚಮಚ ಹಿಡಿದ ಕೈಯನ್ನೂ ನಿಲ್ಲಿಸಲಿಲ್ಲ. “ನಾನು ತಡ್ಕೊಂಡ್ರೆ ಆಮೇಲೆ ನೋಡಣ.”

“ನಿಂಗ್ಯಾಕವ್ವ? ನೀನೇನ್ ಕಕ್ಕ್ತಾ ಇದ್ದೀಯಾ?”

“ಮಗು ನಂದು.”

“ನಿಂದೇ ಬುಡು, ಯಾರ್ ಇಲ್ಲ ಅಂದೋರು.” ಭೂತಮ್ಮ ಎಲೆಗೆ ಸುಣ್ಣ ಹಚ್ಚತೊಡಗಿದಳು. “ತಾಯಿ ಹಿಡ್ಕೊಡ್ದಿದ್ರೆ ನಾನು ಕಡ್ಡಿ ಕಾಯ್ಸಲ್ಲ ಅಮ್ಮಾರೆ. ಮಗು ಒದ್ದಾಡಿ ಎಲ್ಲೋ ತಗುಲಿದ್ರೆ ನನ್ ತಲೆಗೆ ಬರ್ತದೆ. ಹಿಡ್ಕೊಂತೀಯಾ?”

“ಇಲ್ಲ.”

“ಆಯ್ತು. ಆ ಇನ್ನೊಂದು ಕಾಯಿ ಕೊಚ್ಚಿದ್ರೆ ಗಂಜಿ ನಂಗಿರ್ಲಿ. ನಡ್ಕೊಂಡ್ ಬಂದಿದೀನಿ.”

ಎರಡನೆಯ ಕಾಯಿಯೂ ಮುಗಿಯುತ್ತ ಬಂತು. ಕಕ್ಕುವುದು ನಿಂತಿರಲಿಲ್ಲ, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಹೆಚ್ಚಾಗುತ್ತಿತ್ತು. ಮಗುವೇ ಈಗ ಚಮಚಕ್ಕೆ ಬಾಯಿ ತೆರೆಯುತ್ತಿತ್ತು. ಗಿರಿಜಾಂಬಿಕಾ ಮತ್ತೊಂದು ಕಾಯಿ ಕೆಡವಲು ಎದ್ದಳು. ಈ ಸಲ ಅತ್ತೆ ಮೀಸಲು ಎನ್ನಲಿಲ್ಲ. “ಹುಲ್ಲು ಸರಿಯಾಗಿ ಹಾಸ್ಕೊ,” ಎಂದಳು, ಬೇರೆ ಕಡೆ ನೋಡುತ್ತ.

ಗಿರಿಜಾಂಬಿಕಾ ದೋಟಿ ಎತ್ತಿದ್ದಳು, ಒಳಗಿನಿಂದ ಶಿವರುದ್ರಮ್ಮನ ಕೂಗು ಕೇಳಿಸಿತು. ದೋಟಿ ಅಲ್ಲೇ ಬಿಟ್ಟು ಓಡಿ ಬಂದಳು.

ಅತ್ತೆ ಕಾಲು ಚಾಚಿ ಕೂತಿದ್ದಳು, ಮಡಿಲಲ್ಲಿ ಸುವರ್ಣ. ಸೀರೆಯ ನೆರಿಗೆ ತೊಯ್ದು ನೆಲದ ಮೇಲೆ ನೀರು ಹರಿಯುತ್ತಿತ್ತು.

“ಪೂರ್ತಿ ನನ್ನ ಮೇಲೇ ಒಂದಾ ಮಾಡ್ಬುಟ್ಲು ಇವಳು,” ಎಂದು ಶಿವರುದ್ರಮ್ಮ ಗೊಣಗಿದಳು. “ಈಗ ತಾನೆ ಮಡಿ ಉಟ್ಟಿದ್ದೆ.”

ಗಿರಿಜಾಂಬಿಕಾ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಭೂತಮ್ಮ ಗಂಜಿ ಅಗಿಯುತ್ತ, “ಇಷ್ಟು ಕಾಲದಾಗೆ ಇಂಥ ರುಚಿಯಾದ್ದು ನಿಮ್ಮ ಮನೇಲಿ ಯಾರೂ ಕೊಟ್ಟಿರಲಿಲ್ಲ ಬುಡ್ರಿ,” ಎಂದು ಕಡ್ಡಿ ಸುತ್ತಿಟ್ಟುಕೊಂಡು ಎದ್ದು ಹೋದಳು.

ಗಾಡಿ ಸಂಜೆಗೆ ಬಂತು. ಏಕಾಂತಯ್ಯನವರು ಕೈಕಾಲು ತೊಳೆಯಲು ಬಚ್ಚಲ ಕಡೆ ಹೋದವರು ತಿರುಗಿ ಬರಲು ತಡವಾಯಿತು. ಬಂದಾಗ ಮುಖ ಕಪ್ಪಿಟ್ಟಿತ್ತು.

“ಯಾರದು ಕೆಲಸ?”

“ನಂದು ಮಾವ.”

ಸೊಸೆ ಇಷ್ಟು ಬೇಗ ಒಪ್ಪಿಕೊಳ್ಳುತ್ತಾಳೆಂದು ಅವರು ಎಣಿಸಿರಲಿಲ್ಲ.

“ದೇವರಿಗೆ ಇಟ್ಟಿದ್ದು ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಮುಟ್ಟಿದ್ಯಾ. ನಾಳೆ ಮಗೂಗೆ ಮತ್ತೆ ಬಂದ್ರೆ ಇದೇ ಕಾರಣ ಅಂತ ತಿಳ್ಕೊ.”

“ಮತ್ತೆ ಬರ್ತದೆ ಮಾವ. ಬರ್ತದೆ ಅಂತ ಡಾಕ್ಟ್ರೇ ಹೇಳವ್ರೆ. ಮೀಸಲು ಮುಟ್ಟೋಕೆ ಮುಂಚೇನೂ ಬರ್ತಿತ್ತಲ್ಲ, ಅದು ಯಾವ ಕಾರಣಕ್ಕೆ?”

ಶಿವರುದ್ರಮ್ಮ ಬತ್ತಿ ಹೊಸೆಯುವ ಕೆಲಸದಲ್ಲಿ ತಲೆ ಎತ್ತಲಿಲ್ಲ. ಹಾಲಸ್ವಾಮಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ.

“ದೇವರ ಕೋಣೆಗೆ ಹೋಗು,” ಎಂದರು ಏಕಾಂತಯ್ಯ. “ಸ್ವಾಮಿ ಮುಂದೆ ನಿಂತು ತಪ್ಪಾಯ್ತು ಅಂತ ಹೇಳು. ನಾನು ಮುಂದೆ ಮಾತಾಡಲ್ಲ.”

ಗಿರಿಜಾಂಬಿಕಾ ಗಂಡನ ಹೆಗಲಿಂದ ಮಗುವನ್ನು ಎತ್ತಿಕೊಂಡು ದೇವರ ಕೋಣೆಗೆ ಹೋದಳು. ದೀಪ ಉರಿಯುತ್ತಿತ್ತು. ಅವಳಿಗೆ ದೇವರ ಮೇಲೆ ಭಯವಿತ್ತು, ಈಗಲೂ ಇತ್ತು. ಮಗುವಿನ ಹಣೆಗೆ ವಿಭೂತಿ ಹಚ್ಚಿ, ಹೊರಗಿನವರಿಗೂ ಕೇಳಿಸುವ ಹಾಗೆ ಹೇಳಿದಳು:

“ಸ್ವಾಮಿ, ನಿನಗೆ ಇಟ್ಟಿದ್ದ ಗೊನೆಯಲ್ಲಿ ಮೂರು ಕಾಯಿ ಕೆಡವಿದೆ. ಒಂದು ಒಡೆದು ಹಾಳಾಯ್ತು, ಅದು ನನ್ನ ಕೈತಪ್ಪು. ಉಳಿದಿದ್ದು ಮಗು ಕುಡೀತು. ಮತ್ತೆ ಹಿಂಗಾದ್ರೆ ಮತ್ತೆ ಕೆಡವ್ತೀನಿ. ಬೇಡ ಅನ್ನೋದಾದ್ರೆ ನನಗೆ ಹೇಳು, ಬೇರೆ ಯಾರಿಗೂ ಹೇಳ್ಬೇಡ.”

ಹೊರಗೆ ಬಂದಾಗ ಏಕಾಂತಯ್ಯನವರು ಅವಳನ್ನೇ ನೋಡುತ್ತಿದ್ದರು.

“ತಪ್ಪಾಯ್ತು ಅನ್ನಲಿಲ್ಲ ನೀನು.”

“ಇಲ್ಲ ಮಾವ. ಒಡೆದ ಕಾಯಿಗೆ ಅಂದೆ.”

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಮಗು ಅವರ ಕಡೆ ಕೈ ಚಾಚಿತು. ಎತ್ತಿಕೊಳ್ಳಲಿಲ್ಲ, ಆದರೆ ಬೆರಳು ಕೊಟ್ಟರು, ಅದು ಹಿಡಿದುಕೊಂಡಿತು.

“ಇಷ್ಟಕ್ಕೂ ಇದಕ್ಕೆ ಆಗಿರೋದಾದ್ರೂ ಏನು? ಅದನ್ನಾದ್ರೂ ಹೇಳಮ್ಮ.”

ಎಷ್ಟು ತಿಂಗಳಿಂದ ಈ ಪ್ರಶ್ನೆಗೆ ಅವಳು ತಲೆ ತಗ್ಗಿಸಿದ್ದಳು.

“ಗೊತ್ತಿಲ್ಲ ಮಾವ,” ಎಂದಳು, ಅವರ ಮುಖ ನೋಡಿಕೊಂಡೇ.

ಹಾಲಸ್ವಾಮಿ ಹಿತ್ತಿಲಿಗೆ ಹೋಗಿ ಬಿದ್ದಿದ್ದ ದೋಟಿ ತಂದ. ಅಪ್ಪನ ಎದುರಿಗೇ ಕೂತು, ಕುಡುಗೋಲಿನ ಹಳೆಯ ಗಂಟು ಬಿಚ್ಚಿ ಹೊಸ ಹುರಿ ಸುತ್ತತೊಡಗಿದ.

“ಸಡಿಲ ಆಗೈತೆ,” ಎಂದ, ಯಾರಿಗೆಂದಿಲ್ಲದೆ. “ಅದಕ್ಕೇ ಜಾರಿರೋದು.”

ಕಟ್ಟಿ ಮುಗಿಸಿ ಕೊಟ್ಟಾಗ ಗಿರಿಜಾಂಬಿಕಾ ಅದನ್ನು ಅಟ್ಟದ ತೊಲೆಗೆ ಸಿಕ್ಕಿಸಲಿಲ್ಲ. ಅಡಿಗೆಮನೆಯ ಹಿಂದಿನ ಬಾಗಿಲ ಪಕ್ಕ, ಕೈಗೆ ಸಿಗುವ ಹಾಗೆ, ಗೋಡೆಗೆ ಒರಗಿಸಿ ನಿಲ್ಲಿಸಿದಳು. ಯಾರೂ ಅದನ್ನು ತೆಗೆದಿಡಲಿಲ್ಲ.